ದೊಡ್ಡವರಿಗೆ ಹಾಲು ಬೇಕೇ? ಮೂರು ವಾರದಲ್ಲಿ ನೀವೇ ಕಂಡುಕೊಳ್ಳಿ

ಬೇಕಾಗುವುದು ಇಷ್ಟೇ: ಒಂದು ಅಳತೆ ಲೋಟ, ಒಂದು ಹಳೇ ನೋಟ್‌ಬುಕ್, ಮೂರು ವಾರದ ತಾಳ್ಮೆ.

ದಿನಾ ಒಂದು ಲೋಟ ಹಾಲು ಕುಡಿದರೆ ಮೂಳೆ ಗಟ್ಟಿಯಾಗುತ್ತದೆ ಎನ್ನುತ್ತಾರೆ ಮನೆಯ ಹಿರಿಯರು. ಕರುವಿಗೆ ಸೇರಬೇಕಾದದ್ದು ಮನುಷ್ಯನಿಗೆ ಯಾಕೆ ಎಂದು ಕೇಳುತ್ತದೆ ಫ್ಯಾಮಿಲಿ ಗ್ರೂಪಿಗೆ ಬಂದ ವಿಡಿಯೊ. ಇಬ್ಬರೂ ನಿಮ್ಮ ಹೊಟ್ಟೆಯನ್ನು ವಿಚಾರಿಸಿಲ್ಲ, ನಿಮ್ಮ ಊಟದ ತಟ್ಟೆಯನ್ನೂ ನೋಡಿಲ್ಲ. ಬೆಳೆದ ಮನುಷ್ಯ ಹಾಲಿಲ್ಲದೆ ಆರೋಗ್ಯವಾಗಿ ಬದುಕಬಲ್ಲ. ಆದರೆ ಅದನ್ನು ಬಿಟ್ಟಾಗ ಆ ಜಾಗಕ್ಕೆ ಏನು ಬಂತು ಎಂಬುದನ್ನು ನೋಡದೆ ಬಿಟ್ಟವರು, ಅದರಲ್ಲೂ ಸಸ್ಯಾಹಾರಿಗಳು, ತೊಂದರೆಗೆ ಸಿಕ್ಕುತ್ತಾರೆ. ಕೆಳಗಿನ ಹಂತಗಳು ಆರೋಗ್ಯವಂತ ವಯಸ್ಕರಿಗೆ ಮಾತ್ರ. ಮಕ್ಕಳಿಗೆ, ಗರ್ಭಿಣಿಯರಿಗೆ, ಹಾಲೂಡಿಸುವ ತಾಯಂದಿರಿಗೆ ಲೆಕ್ಕವೇ ಬೇರೆ.

ಇನ್ನೊಂದು ಎಚ್ಚರಿಕೆ ಮೊದಲೇ ಹೇಳಿಬಿಡಬೇಕು. ಹಾಲು ಕುಡಿದ ಸ್ವಲ್ಪ ಹೊತ್ತಿನಲ್ಲೇ ಮೈಮೇಲೆ ದದ್ದು ಏಳುವುದು, ತುಟಿ ಊದುವುದು, ಉಸಿರಾಡಲು ಕಷ್ಟವಾಗುವುದು ಹಾಲಿನ ಪ್ರೋಟೀನಿನ ಅಲರ್ಜಿಯ ಲಕ್ಷಣಗಳು. ಹಾಗೆ ಒಮ್ಮೆಯಾದರೂ ಆಗಿದ್ದವರು ಮನೆಯಲ್ಲಿ ಈ ಪರೀಕ್ಷೆ ಮಾಡುವಂತಿಲ್ಲ.

ಹಂತ 1: ಈಗ ಎಷ್ಟು ಕುಡಿಯುತ್ತಿದ್ದೀರಿ, ಅಳೆಯಿರಿ

"ನಾನು ಹಾಲು ಕುಡಿಯುವುದೇ ಇಲ್ಲ" ಎನ್ನುವವರ ಮನೆಯಲ್ಲೇ ದಿನಕ್ಕೆ ಒಂದು ಲೀಟರ್ ಖಾಲಿಯಾಗುತ್ತಿರುತ್ತದೆ. ಬೆಳಿಗ್ಗೆ ಕಾಫಿ ಬೆರೆಸುವಾಗ ಡಿಕಾಕ್ಷನ್ ಸುರಿಯುವ ಮೊದಲು ಹಾಲನ್ನು ಅಳತೆ ಲೋಟಕ್ಕೆ ಹಾಕಿ ನೋಡಿ. ಗಟ್ಟಿ ಡಿಕಾಕ್ಷನ್ನಿನ ಸಣ್ಣ ಲೋಟದಲ್ಲೂ 80ರಿಂದ 100 ಮಿ.ಲೀ. ಹಾಲು ಇರುತ್ತದೆ. ದಿನಕ್ಕೆ ನಾಲ್ಕು ಕಾಫಿ ಅಂದರೆ ಅಲ್ಲಿಗೇ 300 ದಾಟಿತು. ಮಧ್ಯಾಹ್ನದ ಮೊಸರು, ರಾತ್ರಿಯ ಮಜ್ಜಿಗೆ ಇದರ ಮೇಲೆ.

ಮೂರು ದಿನ ಬರೆದಿಡಿ: ಎಷ್ಟು ಹಾಲು, ಎಷ್ಟು ಮೊಸರು, ಎಷ್ಟು ಚಮಚ ಸಕ್ಕರೆ. ರಾಷ್ಟ್ರೀಯ ಪೋಷಣಾ ಸಂಸ್ಥೆಯ ಆಹಾರ ಮಾರ್ಗಸೂಚಿ ವಯಸ್ಕರ ಸಮತೋಲನದ ತಟ್ಟೆಗೆ ಇಟ್ಟಿರುವುದು ದಿನಕ್ಕೆ 300 ಮಿ.ಲೀ. ಹಾಲು ಅಥವಾ ಮೊಸರು. ಅದು ಹಾಲು 300, ಮೊಸರು 300 ಅಲ್ಲ. ಎರಡೂ ಸೇರಿ 300. ನಮ್ಮಲ್ಲಿ ಅನೇಕರು ಪ್ರತ್ಯೇಕವಾಗಿ ಹಾಲು ಕುಡಿಯದೆಯೇ ಇದನ್ನು ಮುಟ್ಟಿರುತ್ತಾರೆ. ಅಂಥವರಿಗೆ ರಾತ್ರಿ ಮಲಗುವ ಮುಂಚಿನ ಲೋಟ ಕೇವಲ ಅಭ್ಯಾಸ. ಇಷ್ಟವಿದ್ದರೆ ಕುಡಿಯಲಿ, ಔಷಧಿಯ ಹಾಗೆ ನುಂಗಬೇಕಿಲ್ಲ.

ಸಕ್ಕರೆಯ ಕಾಲಂ ಯಾಕೆಂದರೆ, ಹಾಲಿನ ಮೇಲೆ ಹೊರಿಸುವ ಅಪವಾದದಲ್ಲಿ ದೊಡ್ಡ ಪಾಲು ಅದರದ್ದು. ಕಾಫಿಗೆ ಎರಡು ಚಮಚದಂತೆ ನಾಲ್ಕು ಸಲಕ್ಕೆ 30ರಿಂದ 40 ಗ್ರಾಂ ಆಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ದಿನವೊಂದಕ್ಕೆ ಸುಮಾರು 25 ಗ್ರಾಂ ಒಳಗಿದ್ದರೆ ಒಳ್ಳೆಯದು ಎನ್ನುತ್ತದೆ.

ಹಂತ 2: ಹತ್ತು ದಿನ ಪೂರ್ತಿ ಬಿಡಿ

ಊಟದ ಬಳಿಕ ಹೊಟ್ಟೆ ಉಬ್ಬರ, ಗುಡುಗುಡು, ಬೆಳಿಗ್ಗೆ ಎರಡು ಮೂರು ಸಲ ಓಡುವುದು ಇದ್ದವರು ಮಾತ್ರ ಈ ಹಂತ ಮಾಡಿದರೆ ಸಾಕು. ಯಾವ ಉಪದ್ರವವೂ ಇಲ್ಲದವರು ನೇರ ಹಂತ 4ಕ್ಕೆ ಹೋಗಬಹುದು.

ಹಾಲು, ಮೊಸರು, ಮಜ್ಜಿಗೆ, ಪನೀರ್, ಪೇಡ, ಖೋವಾದ ಸಿಹಿ, ಐಸ್‌ಕ್ರೀಮ್, ಹಾಲಿನ ಪುಡಿ ಹಾಕಿದ ಬಿಸ್ಕತ್ತು ಎಲ್ಲ ಬಂದ್. ತುಪ್ಪ ತಿನ್ನಬಹುದು, ಅದರಲ್ಲಿ ಹಾಲಿನ ಸಕ್ಕರೆ ಇಲ್ಲವೆನ್ನುವಷ್ಟು ಕಡಿಮೆ. ಕಾಫಿ ಬೇಕೇ ಬೇಕೆಂದರೆ ಕಪ್ಪು ಕಾಫಿ. ದಿನವೂ ಮಲಗುವ ಮುಂಚೆ ಒಂದೇ ಸಾಲು ಬರೆಯಿರಿ: ಹೊಟ್ಟೆ ಹೇಗಿತ್ತು, ಎಷ್ಟು ಸಲ ಹೋದಿರಿ. ಹತ್ತು ದಿನದಲ್ಲಿ ಏನೂ ಬದಲಾಗದಿದ್ದರೆ ಕಾರಣ ಹಾಲಲ್ಲದೆ ಬೇರೇನೋ ಇರಬೇಕು. ಮಲದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಯುವುದು, ನಿದ್ದೆಯಿಂದ ಎಬ್ಬಿಸುವ ಭೇದಿ ಇದ್ದರೆ ನೋಟ್‌ಬುಕ್ ಬದಿಗಿಟ್ಟು ವೈದ್ಯರ ಬಳಿ ಹೋಗಿ.

ಹಂತ 3: ಅಳೆದು ಅಳೆದು ವಾಪಸ್ ತನ್ನಿ

ರಜೆಯ ದಿನ ಬೆಳಿಗ್ಗೆ, ಖಾಲಿ ಹೊಟ್ಟೆಗೆ, ಕಾಯಿಸಿ ಆರಿಸಿದ 100 ಮಿ.ಲೀ. ಹಾಲು. ಸಕ್ಕರೆ ಬೇಡ, ಕಾಫಿ ಬೇಡ. ಕಾಫಿ ತಾನಾಗಿಯೇ ಕರುಳನ್ನು ಓಡಿಸುತ್ತದೆ, ಲೆಕ್ಕ ತಪ್ಪುತ್ತದೆ. ಮುಂದಿನ ನಾಲ್ಕು ಗಂಟೆ ಗಮನಿಸಿ. ಬರುವ ತೊಂದರೆ ಸಾಮಾನ್ಯವಾಗಿ ಅರ್ಧ ಗಂಟೆಯಿಂದ ಎರಡು ಗಂಟೆಯೊಳಗೆ ಕಾಣಿಸಿಕೊಳ್ಳುತ್ತದೆ. ಏನೂ ಆಗದಿದ್ದರೆ ಎರಡು ದಿನ ಬಿಟ್ಟು 200, ಮತ್ತೆರಡು ದಿನ ಬಿಟ್ಟು 250.

ಒಳಗೆ ನಡೆಯುವುದು ಹೀಗೆ. ಹಾಲಿನ ಸಕ್ಕರೆಗೆ ಲ್ಯಾಕ್ಟೋಸ್ ಎಂದು ಹೆಸರು. 250 ಮಿ.ಲೀ. ಹಸುವಿನ ಹಾಲಿನಲ್ಲಿ ಅದು ಸುಮಾರು 12 ಗ್ರಾಂ ಇರುತ್ತದೆ. ಅದನ್ನು ಒಡೆಯಲು ಸಣ್ಣಕರುಳಿನಲ್ಲಿ ಲ್ಯಾಕ್ಟೇಸ್ ಎಂಬ ಕಿಣ್ವ ಬೇಕು. ಎಳೆಗೂಸುಗಳಲ್ಲಿ ಇದು ಯಥೇಚ್ಛ. ಹಾಲು ಬಿಡುವ ವಯಸ್ಸಿನಿಂದಾಚೆ ಹೆಚ್ಚಿನ ಜನರಲ್ಲಿ ಇಳಿಯುತ್ತಾ ಹೋಗುತ್ತದೆ. ಜಗತ್ತಿನ ವಯಸ್ಕರಲ್ಲಿ ಸುಮಾರು ಮೂರನೇ ಎರಡು ಭಾಗದವರು ಹೀಗೆಯೇ. ಹಾಗಾಗಿ ಹಾಲು ಅರಗದಿರುವುದನ್ನು ರೋಗವೆಂದು ಭಾವಿಸಬೇಕಿಲ್ಲ. ಮನುಷ್ಯನ ಹಳೇ ಸ್ವಭಾವವೇ ಅದು, ಅರಗಿಸಿಕೊಳ್ಳುವುದೇ ಆಮೇಲೆ ಬಂದ ವಿಶೇಷ. ಯುರೋಪಿನವರಲ್ಲಿ ಈ ಕಿಣ್ವವನ್ನು ಜೀವನಪೂರ್ತಿ ಉಳಿಸುವ ವಂಶವಾಹಿ ಬದಲಾವಣೆಯೇ ಭಾರತದಲ್ಲೂ ಇದೆ ಎಂದು 2011ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಆದರೆ ಅದು ವಾಯವ್ಯದಲ್ಲಿ ಹೆಚ್ಚು, ದಕ್ಷಿಣಕ್ಕೂ ಪೂರ್ವಕ್ಕೂ ಬಂದಂತೆ ಕಡಿಮೆ. ಪಂಜಾಬಿ ಗೆಳೆಯ ದೊಡ್ಡ ಲೋಟದಲ್ಲಿ ಗಟಗಟ ಕುಡಿದು ಅರಗಿಸಿಕೊಂಡರೆ ನಮಗೂ ಅರಗಬೇಕೆಂದಿಲ್ಲ.

ಒಡೆಯದೆ ಉಳಿದ ಲ್ಯಾಕ್ಟೋಸ್ ದೊಡ್ಡಕರುಳಿಗೆ ಇಳಿದಾಗ ಅಲ್ಲಿನ ಬ್ಯಾಕ್ಟೀರಿಯಾ ಅದನ್ನು ಹುಳಿಸುತ್ತವೆ. ಬರುವ ಅನಿಲವೇ ಉಬ್ಬರ, ಎಳೆದುಕೊಳ್ಳುವ ನೀರೇ ಭೇದಿ. ಆಸ್ಪತ್ರೆಯಲ್ಲಿ ಇದನ್ನು ಪತ್ತೆಮಾಡುವುದು ಉಸಿರಿನಲ್ಲಿರುವ ಹೈಡ್ರೋಜನ್ ಅಳೆದು.

ಕಿಣ್ವ ಕಡಿಮೆ ಇರುವವರಲ್ಲೂ ಬಹುತೇಕರು ಒಂದೇ ಸಲಕ್ಕೆ 12 ಗ್ರಾಂವರೆಗೆ, ಅಂದರೆ ಒಂದು ಲೋಟದಷ್ಟು, ಹೆಚ್ಚೇನೂ ತೊಂದರೆಯಿಲ್ಲದೆ ತಾಳಿಕೊಳ್ಳುತ್ತಾರೆ. ನಿಮಗೆ 100ಕ್ಕೆ ಸುಮ್ಮನಿದ್ದ ಹೊಟ್ಟೆ 200ಕ್ಕೆ ಗಲಾಟೆ ಮಾಡಿದರೆ, 100ರಂತೆ ಎರಡು ಹೊತ್ತು, ತಿಂಡಿಯ ಜೊತೆ ಕುಡಿಯಿರಿ. ಹೊಟ್ಟೆಯಲ್ಲಿ ಅನ್ನ, ರೊಟ್ಟಿ ಇದ್ದಾಗ ಹಾಲು ಕರುಳಿಗೆ ನಿಧಾನವಾಗಿ ಇಳಿಯುತ್ತದೆ. ಕಾಯಿಸುವುದರಿಂದ, ಅರಿಸಿನ ಹಾಕುವುದರಿಂದ ಲ್ಯಾಕ್ಟೋಸ್ ಹೋಗುವುದಿಲ್ಲ. ಮೇಕೆ ಹಾಲಿನಲ್ಲೂ ಎಮ್ಮೆ ಹಾಲಿನಲ್ಲೂ ಅದು ಇದ್ದೇ ಇದೆ.

ಹಂತ 4: ಹೆಪ್ಪು ಹಾಕಿ

ನನ್ನನ್ನು ಕೇಳಿದರೆ, ಬೆಳೆದ ಕನ್ನಡಿಗರಿಗೆ ಹಾಲಿನ ಅತ್ಯುತ್ತಮ ರೂಪ ಮೊಸರೇ. ಹೆಪ್ಪಿನ ಬ್ಯಾಕ್ಟೀರಿಯಾ ಲ್ಯಾಕ್ಟೋಸಿನ ಒಂದು ಪಾಲನ್ನು ಪಾತ್ರೆಯಲ್ಲೇ ತಿಂದು ಹುಳಿ ಮಾಡಿರುತ್ತವೆ. ಉಳಿದದ್ದನ್ನು ಒಡೆಯಲು ತಮ್ಮದೇ ಕಿಣ್ವವನ್ನು ಹೊತ್ತುಕೊಂಡೇ ನಿಮ್ಮ ಕರುಳಿಗೆ ಬರುತ್ತವೆ. ಹಾಲು ಆಗದ ಎಷ್ಟೋ ಮಂದಿಗೆ ಮೊಸರನ್ನ ಸಲೀಸಾಗಿ ಒಗ್ಗುವುದು ಈ ಕಾರಣಕ್ಕೆ. ಸುಣ್ಣದಂಶ, ಪ್ರೋಟೀನು ಎಲ್ಲಿಗೂ ಹೋಗಿರುವುದಿಲ್ಲ.

ಉಗುರು ಬೆಚ್ಚಗಿನ ಹಾಲಿಗೆ ಹೆಪ್ಪು ಬೆರೆಸಿ, ಗಟ್ಟಿಯಾದ ಮೇಲೂ ಒಂದೆರಡು ಗಂಟೆ ಹೊರಗೇ ಬಿಟ್ಟರೆ ಲ್ಯಾಕ್ಟೋಸ್ ಇನ್ನಷ್ಟು ಇಳಿಯುತ್ತದೆ, ಹುಳಿಯೂ ಏರುತ್ತದೆ. ಬಿಸಿ ಮಾಡಿದ ಮಜ್ಜಿಗೆ ಹುಳಿಯಲ್ಲಿ ಬ್ಯಾಕ್ಟೀರಿಯಾ ಬದುಕಿರುವುದಿಲ್ಲ. ರುಚಿಗೆ ಅಡ್ಡಿಯಿಲ್ಲ, ಹೊಟ್ಟೆಗೆ ಆ ಸಹಾಯ ಇಲ್ಲ.

ಹಂತ 5: ಪ್ಯಾಕೆಟ್ ಓದಿ

ನಂದಿನಿಯ ನೀಲಿ ಪ್ಯಾಕೆಟ್ ಟೋನ್ಡ್ ಹಾಲು, ಕೊಬ್ಬು 3%. ಫುಲ್ ಕ್ರೀಮ್ ಎಂದು ಬರೆದದ್ದರಲ್ಲಿ 6%, ಡಬಲ್ ಟೋನ್ಡ್‌ನಲ್ಲಿ 1.5%. ದಿನಕ್ಕೆ 300 ಮಿ.ಲೀ. ಲೆಕ್ಕದಲ್ಲಿ ನೀಲಿಯಿಂದ ಸುಮಾರು 9 ಗ್ರಾಂ ಕೊಬ್ಬು, ಫುಲ್ ಕ್ರೀಮಿನಿಂದ 18. ಸುಣ್ಣದಂಶ, ಪ್ರೋಟೀನಿನಲ್ಲಿ ಅಂಥ ವ್ಯತ್ಯಾಸವಿಲ್ಲ. ಕೊಲೆಸ್ಟರಾಲ್, ಹೃದಯದ ತೊಂದರೆ ಇದ್ದವರಿಗೆ ಟೋನ್ಡ್ ಸಾಕು. ಕಾಯಿಸಿ ತಣಿಸಿ ಕೆನೆ ತೆಗೆದರೆ ಇನ್ನೂ ಇಳಿಯುತ್ತದೆ. ನೀಲಿ ಬಣ್ಣದ ಪ್ಲಸ್ ಎಫ್ ಗುರುತಿದ್ದರೆ ಎ ಮತ್ತು ಡಿ ವಿಟಮಿನ್ ಬೆರೆಸಿದ್ದಾರೆ ಎಂದು ಅರ್ಥ.

ದುಪ್ಪಟ್ಟು ಬೆಲೆಯ ಎ2 ಹಾಲಿನ ಬಗ್ಗೆ ಎರಡು ಮಾತು. ಬೀಟಾ ಕೇಸಿನ್ ಎಂಬ ಪ್ರೋಟೀನಿನ 67ನೇ ಅಮೈನೋ ಆಮ್ಲದಲ್ಲಿ ಇರುವ ಒಂದೇ ಒಂದು ವ್ಯತ್ಯಾಸವೇ ಎ1, ಎ2. ನಮ್ಮ ನಾಟಿ ಹಸುಗಳಲ್ಲಿ ಹೆಚ್ಚಾಗಿ ಎ2 ಇರುತ್ತದೆ, ಎಮ್ಮೆಯಲ್ಲೂ. ಎ1ಗೂ ಸಕ್ಕರೆ ಕಾಯಿಲೆ, ಹೃದ್ರೋಗದಂಥವುಗಳಿಗೂ ಕಾರ್ಯಕಾರಣ ಸಂಬಂಧ ಸಾಬೀತಾಗಿಲ್ಲ ಎಂದು ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2009ರಲ್ಲೇ ಹೇಳಿದೆ. ನಮ್ಮ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ 2024ರ ಆಗಸ್ಟ್‌ನಲ್ಲಿ ಎ1, ಎ2 ಎಂದು ಪ್ಯಾಕೆಟ್ ಮೇಲೆ ಬರೆಯುವುದನ್ನೇ ತೆಗೆಯಿರಿ ಎಂದು ಆದೇಶಿಸಿ, ಕೆಲವೇ ದಿನಗಳಲ್ಲಿ ಆ ಆದೇಶವನ್ನು ಹಿಂಪಡೆಯಿತು. ನಾಟಿ ಹಸು ಉಳಿಯಲಿ ಎಂಬ ಆಸೆಗೆ ಹೆಚ್ಚು ದುಡ್ಡು ಕೊಟ್ಟರೆ ಅದು ಒಳ್ಳೆಯ ಕೆಲಸವೇ. ಲ್ಯಾಕ್ಟೋಸ್ ತೊಂದರೆಗೆ ಮಾತ್ರ ಅದರಿಂದ ಪರಿಹಾರವಿಲ್ಲ.

ಕೊಟ್ಟಿಗೆಯಿಂದ ನೇರ ತಂದ ಹಾಲಾದರೆ ಉಕ್ಕು ಬರುವ ತನಕ ಕಾಯಿಸಲೇಬೇಕು. ನೊರೆಹಾಲಿನ ಆಸೆಗೆ ಹಸಿಯಾಗಿ ಕುಡಿದವರಿಗೆ ವಾರಗಟ್ಟಲೆ ಬಿಟ್ಟು ಬಿಟ್ಟು ಜ್ವರ ಬರಿಸುವ ಬ್ರುಸೆಲ್ಲೋಸಿಸ್ ತಗಲಬಹುದು.

ಹಂತ 6: ಮಾತ್ರೆಗಳಿಂದ ದೂರ ಇಡಿ

ಥೈರಾಯ್ಡ್ ಮಾತ್ರೆ ನುಂಗಿದ ಐದೇ ನಿಮಿಷಕ್ಕೆ ಕಾಫಿ ಕುಡಿಯುವ ಮನೆಗಳು ಎಷ್ಟೋ. ಹಾಲಿನ ಸುಣ್ಣದಂಶ ಆ ಔಷಧಿ ಕರುಳಿನಲ್ಲಿ ಪೂರ್ತಿ ಹೀರಿಕೆಯಾಗಲು ಬಿಡುವುದಿಲ್ಲ, ಕಾಫಿಯೂ ಅಡ್ಡಬರುತ್ತದೆ. ಮಾತ್ರೆಯನ್ನು ಬರೀ ನೀರಿನಲ್ಲಿ ತೆಗೆದುಕೊಂಡು ಕನಿಷ್ಠ ಅರ್ಧದಿಂದ ಒಂದು ಗಂಟೆ ಬಿಡಿ. ಕ್ಯಾಲ್ಸಿಯಂ ಮಾತ್ರೆಗಾದರೆ ನಾಲ್ಕು ಗಂಟೆಯ ಅಂತರ ಬೇಕು. ಕಬ್ಬಿಣದ ಮಾತ್ರೆ, ಡಾಕ್ಸಿಸೈಕ್ಲಿನ್, ಸಿಪ್ರೊಫ್ಲಾಕ್ಸಾಸಿನ್ ಎಂಬ ಆ್ಯಂಟಿಬಯಾಟಿಕ್ ನುಂಗುವವರೂ ಹಾಲಿನ ಜೊತೆ ನುಂಗಬಾರದು. ಮೂತ್ರಪಿಂಡದ ಕಾಯಿಲೆ ಮುಂದುವರಿದವರಿಗೆ ಹಾಲಿನ ರಂಜಕ, ಪೊಟ್ಯಾಸಿಯಂ ಎರಡೂ ಲೆಕ್ಕಕ್ಕೆ ಬರುತ್ತವೆ. ಅವರ ಅಳತೆಯನ್ನು ವೈದ್ಯರೇ ಹೇಳಬೇಕು.

ಮೂಳೆ, ಹೃದಯ: ಅಧ್ಯಯನಗಳು ಏನನ್ನುತ್ತವೆ?

ಹಾಲನ್ನು ಬೈಯುವವರು ಎತ್ತಿಹಿಡಿಯುವುದು ಸ್ವೀಡನ್ನಿನ 2014ರ ಅಧ್ಯಯನ. ಸುಮಾರು 61 ಸಾವಿರ ಹೆಂಗಸರು, 45 ಸಾವಿರ ಗಂಡಸರನ್ನು ವರ್ಷಗಟ್ಟಲೆ ಹಿಂಬಾಲಿಸಿದಾಗ, ದಿನಕ್ಕೆ ಮೂರು ಲೋಟ ಹಾಗೂ ಅದಕ್ಕಿಂತ ಹೆಚ್ಚು ಕುಡಿಯುವ ಹೆಂಗಸರಲ್ಲಿ ಮೂಳೆ ಮುರಿತ ಕಡಿಮೆಯಾಗಿರಲಿಲ್ಲ, ಸಾವಿನ ಪ್ರಮಾಣ ಹೆಚ್ಚಿತ್ತು. ಹೊಗಳುವವರ ಕೈಯಲ್ಲಿರುವುದು 2018ರ ಪ್ಯೂರ್ ಅಧ್ಯಯನ. ಭಾರತವೂ ಸೇರಿದ 21 ದೇಶಗಳ 1.36 ಲಕ್ಷ ಜನರಲ್ಲಿ, ದಿನಕ್ಕೆ ಎರಡು ಸಲಕ್ಕಿಂತ ಹೆಚ್ಚು ಹಾಲಿನ ಪದಾರ್ಥ ಸೇವಿಸುವವರಲ್ಲಿ ಹೃದ್ರೋಗ ಮತ್ತು ಸಾವು ಕಡಿಮೆ ಕಂಡವು. ಎರಡೂ ಗಮನಿಸಿ ಬರೆದುಕೊಂಡ ಅಧ್ಯಯನಗಳು. ಹಾಲೇ ಕಾರಣ ಎನ್ನಲು ಎರಡಕ್ಕೂ ಬರುವುದಿಲ್ಲ: ಬಡ ದೇಶದಲ್ಲಿ ಹಾಲು ಕುಡಿಯಬಲ್ಲವನಿಗೆ ಡಾಕ್ಟರ ಫೀಸು ಕೊಡಲೂ ಶಕ್ತಿಯಿರುತ್ತದೆ. ಇದರ ನಡುವೆ ಹೆಚ್ಚು ಗಟ್ಟಿಯಾಗಿ ನಿಂತಿರುವುದು ದೊಡ್ಡಕರುಳಿನ ಕ್ಯಾನ್ಸರ್ ಸಾಧ್ಯತೆಯನ್ನು ಹಾಲಿನ ಪದಾರ್ಥಗಳು ತಗ್ಗಿಸುತ್ತವೆ ಎಂಬ ಮಾತು. ಪ್ರಾಸ್ಟೇಟ್ ಕ್ಯಾನ್ಸರಿನ ವಿಷಯದಲ್ಲಿ ಸೂಚನೆ ಉಲ್ಟಾ ಇದೆ, ಆದರೆ ದುರ್ಬಲ. ದಿನಕ್ಕೆ ಒಂದೂವರೆ ಲೋಟದ ಆಸುಪಾಸಿನಲ್ಲಿ ಇರುವವರು ಇದ್ಯಾವುದಕ್ಕೂ ನಿದ್ದೆಗೆಡಬೇಕಿಲ್ಲ. ಮೂಳೆಗೆ ನಡಿಗೆ, ಬಿಸಿಲು, ಭಾರ ಎತ್ತುವ ಕೆಲಸ ಇಲ್ಲದೆ ಬರೀ ಹಾಲಿನಿಂದ ಏನೂ ಆಗುವುದಿಲ್ಲ.

ಹಂತ 7: ಬಿಡುವುದಾದರೆ ಹೀಗೆ ಬಿಡಿ

ವಯಸ್ಕರಿಗೆ ದಿನಕ್ಕೆ ಬೇಕಾದ ಸುಣ್ಣದಂಶ 1000 ಮಿ.ಗ್ರಾಂ. ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಪಟ್ಟಿ ಹೇಳುತ್ತದೆ. 300 ಮಿ.ಲೀ. ಹಾಲು ಕೊಡುವುದು ಸುಮಾರು 350. ಇಷ್ಟನ್ನು ತುಂಬುವುದು ನಮ್ಮ ರಾಜ್ಯದಲ್ಲಿ ಕಷ್ಟವೇ ಅಲ್ಲ: 100 ಗ್ರಾಂ ರಾಗಿ ಹಿಟ್ಟಿನಲ್ಲೇ 340 ಮಿ.ಗ್ರಾಂ.ಗೂ ಹೆಚ್ಚಿದೆ. ಅಷ್ಟೂ ಮೈಗೆ ಹತ್ತುವುದಿಲ್ಲ, ರಾಗಿಯಲ್ಲಿರುವ ಫೈಟೇಟ್ ಎಂಬ ಅಂಶ ಸ್ವಲ್ಪ ಹಿಡಿದಿಟ್ಟುಕೊಳ್ಳುತ್ತದೆ. ಮೊಳಕೆ ಬರಿಸಿ ಒಣಗಿಸಿ ಬೀಸಿದ ಹಿಟ್ಟಿನಲ್ಲಿ ಆ ಅಡ್ಡಿ ಕಡಿಮೆ. ಹುರುಳಿ, ನುಗ್ಗೆಸೊಪ್ಪು, ಎಳ್ಳಿನ ಚಟ್ನಿ ಪುಡಿ ಸೇರಿಸಿ. ಪ್ರೋಟೀನಿಗೆ ಹೆಚ್ಚುವರಿ ಒಂದು ಬಟ್ಟಲು ಕಾಳು ಸಾಕು.

ಸಿಕ್ಕಿಹಾಕಿಕೊಳ್ಳುವುದು ಇಲ್ಲಿ: ರಾಗಿಯಲ್ಲಿ ಸುಣ್ಣದಂಶವಿದೆ, ವಿಟಮಿನ್ ಬಿ12 ಇಲ್ಲ. ಹುರುಳಿಯಲ್ಲಿಲ್ಲ, ಸೊಪ್ಪಿನಲ್ಲಿಲ್ಲ, ಬಾದಾಮಿ ಹಾಲಿನಲ್ಲೂ ಬೆರೆಸಿದ್ದರೆ ಮಾತ್ರ ಇರುತ್ತದೆ. ಮೊಟ್ಟೆ, ಮೀನು, ಮಾಂಸ ತಿನ್ನುವವರು ಹಾಲು ಬಿಟ್ಟರೆ ಹೆಚ್ಚು ಯೋಚಿಸಬೇಕಿಲ್ಲ. ಅಪ್ಪಟ ಸಸ್ಯಾಹಾರಿಗೆ ಬಿ12 ಬರುವ ಸಹಜ ದಾರಿ ಹಾಲು, ಮೊಸರು ಮಾತ್ರ. ಅದೂ ಅಂಚಿನಲ್ಲೇ ನಿಲ್ಲುವಷ್ಟು. ಪಾದ ಜೋಮು ಹಿಡಿಯುವುದು, ನಾಲಿಗೆ ಉರಿ, ಕಾರಣ ತಿಳಿಯದ ಸುಸ್ತು, ಮರೆವು ಕೊರತೆಯ ಗುರುತುಗಳು. ಯಕೃತ್ತಿನಲ್ಲಿ ದಾಸ್ತಾನು ಇರುವುದರಿಂದ ಇವು ಹಾಲು ಬಿಟ್ಟ ತಿಂಗಳಿಗೇ ಬರುವುದಿಲ್ಲ, ವರ್ಷಗಳಾದ ಮೇಲೆ ಬರುತ್ತವೆ. ಅಷ್ಟರಲ್ಲಿ ಹಾಲು ಬಿಟ್ಟದ್ದೇ ಮರೆತಿರುತ್ತದೆ. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್, ಗ್ಯಾಸ್ಟ್ರಿಕ್‌ಗೆ ಪ್ಯಾಂಟೊಪ್ರಜೋಲ್ ಬಹುಕಾಲ ನುಂಗುವವರಲ್ಲಿ ಇದು ಇನ್ನೂ ಬೇಗ.

ಆದ್ದರಿಂದ ಹಾಲು, ಮೊಸರು ಎರಡನ್ನೂ ಬಿಡಲು ಹೊರಟ ಸಸ್ಯಾಹಾರಿಗಳು ಬಿಡುವ ಮೊದಲೇ ಬಿ12 ರಕ್ತಪರೀಕ್ಷೆ ಮಾಡಿಸಿ, ವೈದ್ಯರು ಹೇಳಿದ ಪ್ರಮಾಣದ ಮಾತ್ರೆಯನ್ನು ಆ ದಿನದಿಂದಲೇ ಶುರು ಮಾಡಿ, ಆರು ತಿಂಗಳಿಗೆ ಮತ್ತೊಮ್ಮೆ ಪರೀಕ್ಷಿಸಿಕೊಳ್ಳಿ.