ರೇಷ್ಮೆಯ ಬಿತ್ತನೆ ಗೂಡಿನಲ್ಲಿ ಗಂಡು–ಹೆಣ್ಣು ಬೇರ್ಪಡಿಸುವುದು ಹೇಗೆ?

ಬಿತ್ತನೆ ಗೂಡೆಂದರೆ ನೂಲಿಗಲ್ಲ, ಮೊಟ್ಟೆಗೆಂದು ಇಟ್ಟ ರೇಷ್ಮೆ ಗೂಡು. ಶಿಡ್ಲಘಟ್ಟ, ಚಿಂತಾಮಣಿ, ಕೋಲಾರದ ಕಡೆ ಮಿಶ್ರತಳಿ ಮೊಟ್ಟೆ ಎಂದರೆ ಮೈಸೂರು ತಳಿಯ ಹೆಣ್ಣು, ಬಿಳಿ ಗೂಡಿನ ದ್ವಿತಳಿಯ (ವರ್ಷಕ್ಕೆ ಎರಡು ಪೀಳಿಗೆಯ ತಳಿ) ಗಂಡು. ಹೆಣ್ಣುಗಳ ತಟ್ಟೆಗೆ ಅದೇ ತಳಿಯ ಗಂಡು ನುಸುಳಿದರೆ ಚಿಟ್ಟೆ ಹೊರಬಂದ ಗಳಿಗೆಯಲ್ಲೇ ಜೋಡಿಯಾಗಿಬಿಡುತ್ತದೆ. ಆ ಮೊಟ್ಟೆ ಮಿಶ್ರತಳಿಯದಲ್ಲ.

ಹಣ್ಣಾದ (ಗೂಡು ಕಟ್ಟಲು ಸಿದ್ಧವಾದ) ಹುಳು ಚಂದ್ರಿಕೆ (ಗೂಡು ಕಟ್ಟುವ ತಟ್ಟಿ) ಏರಿ 6 ದಿನ ತುಂಬಲಿ. ಗೂಡಿನೊಳಗಿನ ಕೋಶ (ಚಿಟ್ಟೆಯಾಗುವ ಮುಂಚಿನ ಪ್ಯೂಪಾ) ಕಂದು ಬಣ್ಣಕ್ಕೆ ತಿರುಗಿ ಗಟ್ಟಿಯಾಗಿರಬೇಕು. ಗೂಡಿನ ಒಂದು ತುದಿಯನ್ನು ಬ್ಲೇಡಿನಿಂದ ಕೊಯ್ದು ಕೋಶ ಜಾರಿಸಿಕೊಳ್ಳಿ.

ಎಡವುವುದೆಲ್ಲ ಮುಂದಿನ ಹಂತದಲ್ಲೇ. ಕೋಶದ ಹೊಟ್ಟೆ ಮೇಲೆ ಮಾಡಿ, ಬೆಳಕಿಗೆ ಓರೆಯಾಗಿ ಹಿಡಿದು ಬಾಲದ ಕಡೆ ನೋಡಿ. ತುತ್ತತುದಿಯ ಸೀಳು ಗುದದ್ದು, ಎರಡರಲ್ಲೂ ಇರುತ್ತದೆ. ಹೊಸಬರು ಅದನ್ನೇ ಹೆಣ್ಣಿನ ಗುರುತೆಂದು ಎಣಿಸುತ್ತಾರೆ. ಅದನ್ನು ಬಿಟ್ಟು ಮೇಲೆ ಬನ್ನಿ. ಹೊಟ್ಟೆಯ 9ನೇ ಖಂಡದ (ಉಂಗುರದಂಥ ಭಾಗ) ನಡುವೆ ಸಾಸಿವೆಗಿಂತ ಚಿಕ್ಕ ಚುಕ್ಕೆ ಇದ್ದರೆ ಗಂಡು. 8ನೇ ಖಂಡದಲ್ಲಿ ಉದ್ದಕ್ಕೆ ಸಣ್ಣ ಗೆರೆ, ಖಂಡದ ಅಂಚುಗಳು ಅದರತ್ತ ಬಾಗಿ ಗುಣಾಕಾರ ಚಿಹ್ನೆಯಂತೆ ಕಂಡರೆ ಹೆಣ್ಣು. ಅನುಮಾನ ಬಂದದ್ದನ್ನು ಮೂರನೇ ತಟ್ಟೆಗೆ ಹಾಕಿ, ಊಹೆ ಬೇಡ.

ತೂಕ ನೋಡಿ ವಿಂಗಡಿಸುವ ಅಡ್ಡದಾರಿ ಬಿಡಿ. ಹೆಣ್ಣು ಭಾರವೇನೋ ನಿಜ, ಆದರೆ ಸೊಪ್ಪು ಸಾಲದೆ ಬೆಳೆದ ಹೆಣ್ಣು ಗಂಡಿನಷ್ಟೇ ತೂಗುತ್ತದೆ. ತೂಕ ಸೊಪ್ಪಿನ ಲೆಕ್ಕ. ಗುರುತು ಮೊಟ್ಟೆಯಲ್ಲೇ ಬರೆದದ್ದು. ರೇಷ್ಮೆ ಹುಳದಲ್ಲಿ ಲಿಂಗ ತೀರ್ಮಾನಿಸುವ ವರ್ಣತಂತುಗಳು ಝಡ್ ಮತ್ತು ಡಬ್ಲ್ಯು: ಹೆಣ್ಣು ಝಡ್‌ಡಬ್ಲ್ಯು, ಗಂಡು ಝಡ್‌ಝಡ್. ಡಬ್ಲ್ಯು ವರ್ಣತಂತುವಿನ ‘ಫೆಮ್’ ಜೀನಿನಿಂದ ಹುಟ್ಟುವ ಪುಟ್ಟ ಆರ್‌ಎನ್‌ಎ, ಝಡ್‌ನ ‘ಮ್ಯಾಸ್ಕ್’ ಜೀನಿನ ಸಂದೇಶವನ್ನು ಕತ್ತರಿಸಿಹಾಕುತ್ತದೆ. ಇದನ್ನು ಜಪಾನಿನವರು 2014ರಲ್ಲಿ ತೋರಿಸಿದರು. ‘ಮ್ಯಾಸ್ಕ್’ ಉಳಿದರೆ ‘ಡಬಲ್‌ಸೆಕ್ಸ್’ ಜೀನ್ ಗಂಡು ರೂಪ ತಾಳುತ್ತದೆ, ಇಲ್ಲದಿದ್ದರೆ ಹೆಣ್ಣು ರೂಪ. ಈ ಡಬಲ್‌ಸೆಕ್ಸ್ ಬಲು ಹಳೆಯದು: ನೊಣ, ಜೇನಿನಲ್ಲೂ ಅದೇ ಇದೆ. ಅದಕ್ಕೆ ಮೇಲಿಂದ ಬರುವ ಅಪ್ಪಣೆ ಮಾತ್ರ ಒಂದೊಂದರಲ್ಲಿ ಒಂದೊಂದು. ಕೋಳಿಯೂ ಝಡ್‌ಡಬ್ಲ್ಯುವೇ, ಆದರೆ ಆ ಝಡ್ ಬೇರೆ. ಅಲ್ಲಿ ಡಬಲ್‌ಸೆಕ್ಸ್‌ನ ನೆಂಟ ‘ಡಿಎಂಆರ್‌ಟಿ1’ ತಾನೇ ಝಡ್‌ನಲ್ಲಿ ಕೂತು ಲಿಂಗ ತೀರ್ಮಾನಿಸುತ್ತದೆ.

ಹಳದಿ ಗೂಡಿನ ಜೀನಿರುವ ತುಂಡನ್ನು ಡಬ್ಲ್ಯುಗೆ ಅಂಟಿಸಿದ ತಳಿಗಳೂ ಇವೆ. ಹೆಣ್ಣಿನ ಗೂಡು ಹಳದಿ, ಗಂಡಿನದು ಬಿಳಿ, ಕೊಯ್ಯುವ ರಗಳೆಯೇ ಇಲ್ಲ. ಮೈಸೂರು ತಳಿಯಲ್ಲಿ ಎರಡರದೂ ಹಳದಿ ಛಾಯೆ, ಬಣ್ಣ ನಂಬಿದರೆ ಕೆಟ್ಟಿರಿ.

ವಿಂಗಡಿಸಿದ ತಟ್ಟೆಗಳನ್ನು 25 ಡಿಗ್ರಿ, ಶೇ 75–80 ತೇವದಲ್ಲಿ ಬೇರೆಬೇರೆ ಕೋಣೆಯಲ್ಲಿಡಿ. ಚಿಟ್ಟೆ ಬರುವ ಬೆಳಿಗ್ಗೆ ಹೆಣ್ಣಿನ ತಟ್ಟೆಯಲ್ಲಿ ರೆಕ್ಕೆ ಬಡಿಯುತ್ತ ಓಡಾಡುವ ಸಣ್ಣ ಹೊಟ್ಟೆಯದನ್ನು ಕೂಡಲೇ ಎತ್ತಿ ತೆಗೆಯಿರಿ.