ಸೋಮವಾರದ ಕ್ರೈಸ್ತರಾಗುವುದು ಹೇಗೆ?

ಕ್ರೈಸ್ತರೆಂಬ ಹೆಸರಿಗೆ ತಕ್ಕಂತೆ ಬದುಕಬೇಕೆಂದರೆ ಭಾನುವಾರದಿಂದಲ್ಲ, ಸೋಮವಾರದಿಂದ ಶುರುಮಾಡಿ. ಆರಾಧನೆಯಲ್ಲಿ ನಾನು ಯಾವತ್ತೂ ಒಳ್ಳೆಯವಳೇ. ಎಡವುವುದು ಕಚೇರಿಯ ಮೇಜಿನ ಮುಂದೆ.

ಒಮ್ಮೆ ಪ್ರಯಾಣಭತ್ಯೆಯ ಅರ್ಜಿಯಲ್ಲಿ, ನಡೆದೇ ಹೋದ ದಾರಿಗೂ ಟ್ಯಾಕ್ಸಿ ಬಾಡಿಗೆ ಬರೆದಿದ್ದೆ. ಚಿಕ್ಕ ಮೊತ್ತ, ಎಲ್ಲರೂ ಮಾಡುವುದೇ. ಆ ರಾತ್ರಿ ಬೈಬಲ್ ಓದಿಗೆ ಸಿಕ್ಕಿದ್ದು ಲೂಕನ ಸುವಾರ್ತೆಯ 19ನೇ ಅಧ್ಯಾಯ: ಸುಂಕದವನಾದ ಜಕ್ಕಾಯ, ಮೋಸದಿಂದ ತೆಗೆದುಕೊಂಡದ್ದನ್ನು ನಾಲ್ಕು ಪಟ್ಟು ಹಿಂದಿರುಗಿಸುತ್ತೇನೆ ಎನ್ನುತ್ತಾನೆ. ನಾಲ್ಕು ಪಟ್ಟು! ಮರುದಿನ ಒಂದೇ ಒಂದು ಸಾಲು ಹೊಡೆದುಹಾಕುವಷ್ಟರಲ್ಲಿ ನಾನು ಬೆವೆತುಹೋಗಿದ್ದೆ. ಲೆಕ್ಕದವರು ವಿಚಿತ್ರವಾಗಿ ನೋಡಿದರು, ಅಷ್ಟೆ. ಹಾಗಾಗಿ ಸಹಿ ಹಾಕುವ ಮುನ್ನ ಪೆನ್ನು ಕೆಳಗಿಟ್ಟು ಪ್ರತಿ ಸಾಲನ್ನೂ ಓದಿ. ಹೌದಾದರೆ ಹೌದು, ಇಲ್ಲವಾದರೆ ಇಲ್ಲ. ಮತ್ತಾಯ 5:37 ಕೇಳುವುದು ಇಷ್ಟೇ.

ಯಾರೊಂದಿಗಾದರೂ ಮಾತು ಬಿಟ್ಟಿದ್ದೀರಾ? ಕಾಣಿಕೆಯನ್ನು ಯಜ್ಞವೇದಿಯ ಮುಂದೆಯೇ ಬಿಟ್ಟು ಮೊದಲು ಹೋಗಿ ರಾಜಿಯಾಗಬೇಕೆಂದು ಅದೇ ಅಧ್ಯಾಯ ಹೇಳುತ್ತದೆ. ಸಂದೇಶ ಕಳುಹಿಸಬೇಡಿ, ಫೋನ್ ಮಾಡಿ. ‘ಆದರೆ ನೀನೂ...’ ಎಂಬ ಮಾತು ನಾಲಿಗೆಯ ತುದಿಗೆ ಬಂದೇ ಬರುತ್ತದೆ, ನುಂಗಿಕೊಳ್ಳಿ. ಅಕ್ಕನಿಗೆ ಕರೆ ಮಾಡಿದಾಗ ನಾನು ಎರಡು ಸಲ ನುಂಗಿದೆ, ಮೂರನೆಯ ಸಲ ಆಗಲಿಲ್ಲ. ವಾರದ ನಂತರ ಮತ್ತೆ ಕರೆ ಮಾಡಬೇಕಾಯಿತು.

ಪ್ರಾರ್ಥನೆ ಬಾಗಿಲು ಮುಚ್ಚಿಕೊಂಡೇ ನಡೆಯಲಿ. ಉಪವಾಸವಿದ್ದರೆ ಮುಖ ತೊಳೆದುಕೊಳ್ಳಿ, ಸಪ್ಪೆ ಮೋರೆ ಬೇಡ. ಮೊಬೈಲ್ ಸ್ಟೇಟಸ್‌ನಲ್ಲಿ ವಚನ ಹಾಕುವುದು ತಪ್ಪಲ್ಲ. ಆದರೆ ಅದರ ಬೆನ್ನಿಗೇ ಜಗಳಕ್ಕಿಳಿಯುವ ಅಭ್ಯಾಸವಿದ್ದರೆ ಕೆಲಕಾಲ ನಿಲ್ಲಿಸಿ. ನಾನು ನಿಲ್ಲಿಸಿದ್ದೇನೆ.