ಕಾರವಾರದ ಗಾಳಿ, ಶಿರಸಿಯ ಆಕಾಶ ಮತ್ತು ನಾನು ಆರಿಸಿಕೊಂಡ ಸಣ್ಣ ಟೆಲಿಸ್ಕೋಪ್

ನನ್ನ ಬಳಿ ಇರುವುದು 72 ಮಿ.ಮೀ. ಬಾಯಿಯ ಒಂದು ರಿಫ್ರಾಕ್ಟರ್, ಅಂದರೆ ಕನ್ನಡಿಯ ಬದಲು ಲೆನ್ಸ್‌ನಿಂದ ಬೆಳಕು ಕೂಡಿಸುವ ಟೆಲಿಸ್ಕೋಪ್. ಫೋಕಲ್ ಲೆಂತ್, ಅಂದರೆ ಲೆನ್ಸ್‌ನಿಂದ ಬೆಳಕು ಸೇರುವ ಜಾಗಕ್ಕಿರುವ ದೂರ, 432 ಮಿ.ಮೀ. ಅದು ಬಾಯಿಯ ಆರು ಪಟ್ಟು, ಹಾಗಾಗಿ ಎಫ್/6. ಮುಂದೆ ಎರಡು ಲೆನ್ಸ್‌ಗಳ ಜೋಡಿ. ಅದರಲ್ಲಿ ಒಂದು 'ಇಡಿ' (ED) ಗಾಜು, ಬಣ್ಣಗಳನ್ನು ಕಡಿಮೆ ಚದುರಿಸುವಂಥದ್ದು. ನೋಡಿದವರು 'ಇಷ್ಟು ಸಣ್ಣದಾ?' ಎಂದು ಕೇಳುತ್ತಾರೆ. ನಮ್ಮ ಜಿಲ್ಲೆಯಲ್ಲಿ ನೀಹಾರಿಕೆ, ಗ್ಯಾಲಕ್ಸಿಗಳ ಫೋಟೊ ತೆಗೆಯಲು ಹೊರಟವರಿಗೆ ಇದಕ್ಕಿಂತ ದೊಡ್ಡದು ಮೊದಲಿಗೆ ಬೇಡ ಎಂದೇ ನಾನು ಹೇಳುತ್ತೇನೆ. ಬಾಯಿ ಸಣ್ಣದಿರಲಿ, ಗಾಜು ಮತ್ತು ಫೋಕಸರ್ (ಕ್ಯಾಮೆರಾವನ್ನು ಹಿಂದೆ ಮುಂದೆ ಸರಿಸಿ ಫೋಕಸ್ ಮಾಡುವ ಭಾಗ) ಒಳ್ಳೆಯದಿರಲಿ.

ನನ್ನ ಕೆಲಸ ಕಾರವಾರದಲ್ಲಿ. ಮನೆ ಶಿರಸಿ ಹತ್ತಿರದ ಹಳ್ಳಿಯಲ್ಲಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಆಕಾಶವೇ ಕಾಣುವುದಿಲ್ಲ. ಮಾರ್ಚ್ ಕಳೆದರೆ ಸೆಖೆ, ಮಬ್ಬು. ನಿಜವಾಗಿ ಕೈಗೆ ಸಿಗುವುದು ನವೆಂಬರ್ ಕೊನೆಯಿಂದ ಫೆಬ್ರವರಿವರೆಗಿನ ರಾತ್ರಿಗಳು. ಅದೇ ಹೊತ್ತಿಗೆ ನಮ್ಮಲ್ಲಿ ಅಡಿಕೆ ಕೊಯ್ಲು. ಅಂಗಳದ ತುಂಬಾ ಅಡಿಕೆ ಹರಡಿರುತ್ತದೆ. ರಾತ್ರಿ ದೀಪ ಹಾಕಿಕೊಂಡು ಸುಲಿಯುವ ಕೆಲಸ ನಡೆಯುತ್ತದೆ. ಬೇಯಿಸುವ ಒಲೆಯ ಹೊಗೆ ಬೇರೆ. ಮನೆಯಂಗಳದಲ್ಲಿ ಟೆಲಿಸ್ಕೋಪ್ ಇಡುವ ಮಾತೇ ಇಲ್ಲ. ತೋಟ ಕಣಿವೆಯಲ್ಲಿದೆ, ಸುತ್ತ ಅಡಿಕೆ ಮರ. ಧ್ರುವ ನಕ್ಷತ್ರ ಕಾಣಬೇಕಾದರೆ ಮೇಲಿನ ಬ್ಯಾಣಕ್ಕೆ, ಅಂದರೆ ಹುಲ್ಲುಗಾವಲಿಗೆ, ಹತ್ತಲೇಬೇಕು.

ಧ್ರುವದ ವಿಷಯ ಸಣ್ಣದಲ್ಲ. ಒಂದು ಊರಿನ ಅಕ್ಷಾಂಶ ಎಷ್ಟೋ, ಹೆಚ್ಚುಕಡಿಮೆ ಅಷ್ಟೇ ಎತ್ತರದಲ್ಲಿ ಅಲ್ಲಿ ಧ್ರುವ ಕಾಣುತ್ತದೆ. ಕಾರವಾರದಲ್ಲಿ 14.8 ಡಿಗ್ರಿ, ಶಿರಸಿಯಲ್ಲಿ 14.6. ಒಂದು ಗುಡ್ಡ ಅಡ್ಡ ಬಂದರೆ ಮುಗಿಯಿತು. ಟೆಲಿಸ್ಕೋಪ್ ಹೊರುವ ಮೌಂಟ್‌ನ ಅಕ್ಷವನ್ನು ಧ್ರುವದ ಕಡೆ ಸರಿಯಾಗಿ ತಿರುಗಿಸದಿದ್ದರೆ ಎರಡು ಮೂರು ನಿಮಿಷದ ಎಕ್ಸ್‌ಪೋಷರ್‌ನಲ್ಲಿ ನಕ್ಷತ್ರಗಳು ಗೆರೆಗಳಾಗುತ್ತವೆ. ಹಾಗಾಗಿ ಟೆಲಿಸ್ಕೋಪ್, ಮೌಂಟ್, ತೂಕದ ಬಿಲ್ಲೆ, ಬ್ಯಾಟರಿ ಎಲ್ಲವನ್ನೂ ಹೊತ್ತು ಬ್ಯಾಣ ಹತ್ತಬೇಕು. ನಾನು ಮೊದಲು ಹಾಕಿಕೊಂಡ ಷರತ್ತೇ ತೂಕದ್ದು: ಟ್ಯೂಬ್ ಮೂರು ಕಿಲೋ ದಾಟಬಾರದು. ಮೌಂಟ್ ಇಷ್ಟು ಕಿಲೋ ಹೊರುತ್ತದೆ ಎಂದು ಕಂಪನಿಯವರು ಬರೆದಿರುತ್ತಾರಲ್ಲ, ಫೋಟೊಗಾಗಿ ಅದರ ಅರ್ಧವನ್ನೇ ಲೆಕ್ಕಕ್ಕೆ ಹಿಡಿಯುವುದು ಹಲವರು ಪಾಲಿಸುವ ರೂಢಿ. ಟ್ಯೂಬ್ ದೊಡ್ಡದಾದಂತೆ ಮೌಂಟ್‌ನ ತೂಕವೂ ಬೆಲೆಯೂ ಅದಕ್ಕಿಂತ ಜೋರಾಗಿ ಏರುತ್ತವೆ.

ಆಮೇಲೆ ಕ್ಯಾಮೆರಾದಿಂದ ಹಿಂದಕ್ಕೆ ಲೆಕ್ಕ ಹಾಕಿದೆ. ನನ್ನ ಹಳೆಯ ಡಿಎಸ್‌ಎಲ್‌ಆರ್‌ನ ಒಂದೊಂದು ಪಿಕ್ಸೆಲ್ 4.3 ಮೈಕ್ರಾನ್. ಸೂತ್ರ ಸುಲಭ. ಪಿಕ್ಸೆಲ್ ಅಳತೆಯನ್ನು 206 ರಿಂದ ಗುಣಿಸಿ, ಫೋಕಲ್ ಲೆಂತ್‌ನಿಂದ ಭಾಗಿಸಿದರೆ ಒಂದು ಪಿಕ್ಸೆಲ್ ಆಕಾಶದ ಎಷ್ಟು ಆರ್ಕ್ ಸೆಕೆಂಡ್ (ಡಿಗ್ರಿಯ 3600ನೇ ಒಂದು ಭಾಗ) ಹಿಡಿಯುತ್ತದೆ ಎಂದು ಗೊತ್ತಾಗುತ್ತದೆ. 432 ಮಿ.ಮೀ.ಗೆ ಅದು ಸುಮಾರು 2 ಆರ್ಕ್ ಸೆಕೆಂಡ್. ಗಾಳಿಯ ಅಲುಗಾಟ ಸಾಮಾನ್ಯ ರಾತ್ರಿಗಳಲ್ಲಿ ನಕ್ಷತ್ರವನ್ನು ಎರಡು ಮೂರು ಆರ್ಕ್ ಸೆಕೆಂಡ್ ಅಗಲಕ್ಕೆ ಹರಡಿಬಿಡುತ್ತದೆ. ಸಣ್ಣ ಮೌಂಟ್‌ನಲ್ಲಿ ಇದಕ್ಕಿಂತ ತುಂಬಾ ಸೂಕ್ಷ್ಮಕ್ಕೆ ಹೋಗಿ ಹೆಚ್ಚೇನೂ ಸಿಗುವುದಿಲ್ಲ. ಎಂಟು ಇಂಚಿನ, 2000 ಮಿ.ಮೀ. ಫೋಕಲ್ ಲೆಂತ್‌ನ ಟೆಲಿಸ್ಕೋಪ್ ತೆಗೆದುಕೊಂಡಿದ್ದರೆ ಒಂದು ಪಿಕ್ಸೆಲ್‌ಗೆ ಅರ್ಧ ಆರ್ಕ್ ಸೆಕೆಂಡ್‌ಗಿಂತ ಕಡಿಮೆ. ಆಗ ಮೌಂಟ್‌ನ ಸಣ್ಣ ನಡುಕವೂ ಫೋಟೊದಲ್ಲಿ ಬರುತ್ತದೆ.

ಇನ್ನು ಚೌಕಟ್ಟು. ನನ್ನ ಕ್ಯಾಮೆರಾದ ಎಪಿಎಸ್-ಸಿ ಅಳತೆಯ ಸೆನ್ಸರ್‌ನಲ್ಲಿ ನನಗೆ ಸಿಗುವುದು ಸುಮಾರು 3 ಡಿಗ್ರಿ ಉದ್ದ, 2 ಡಿಗ್ರಿ ಅಗಲದ ಆಕಾಶ. ಹುಣ್ಣಿಮೆ ಚಂದ್ರ ಅರ್ಧ ಡಿಗ್ರಿ, ಅಲ್ವಾ? ಹಾಗೆ ಯೋಚಿಸಿದರೆ ಅಳತೆ ತಿಳಿಯುತ್ತದೆ. ದೇವಯಾನಿ ಗ್ಯಾಲಕ್ಸಿ ಸುಮಾರು 3 ಡಿಗ್ರಿ ಉದ್ದ, ಕ್ಯಾಮೆರಾ ಓರೆಯಾಗಿ ತಿರುಗಿಸಿದರೆ ಪೂರ್ತಿ ಹಿಡಿಸುತ್ತದೆ. ಕೃತ್ತಿಕೆ ಬರುತ್ತದೆ. ಮಹಾವ್ಯಾಧನ ನೀಹಾರಿಕೆ ಸುತ್ತಲಿನ ಜಾಗದ ಸಮೇತ ಬರುತ್ತದೆ. ಅದು ನಮ್ಮಲ್ಲಿ 70 ಡಿಗ್ರಿ ಎತ್ತರಕ್ಕೆ ಏರುತ್ತದೆ, ಯೂರೋಪಿನವರಿಗೆ ಈ ಭಾಗ್ಯವಿಲ್ಲ. ಗ್ರಹಗಳು ಬೇಕು ಎನ್ನುವವರಿಗೆ ಮಾತ್ರ ಇದು ಬೇಡ. ಗುರು ಗ್ರಹ ಹತ್ತಿರವಿದ್ದಾಗಲೂ ನನ್ನ ಫೋಟೊದಲ್ಲಿ ಇಪ್ಪತ್ತು ಚಿಲ್ಲರೆ ಪಿಕ್ಸೆಲ್ ಅಗಲ, ಅಷ್ಟೇ.

ಈಗ ಗಾಜಿನ ಮಾತು. ಅತಿ ಹೆಚ್ಚು ಹೊತ್ತು ನಾನು ಕಳೆದದ್ದು ಇದರ ಮೇಲೆಯೇ.

ಗಾಜು ಬೆಳಕನ್ನು ಬಗ್ಗಿಸುವಾಗ ನೀಲಿಯನ್ನು ಜಾಸ್ತಿ, ಕೆಂಪನ್ನು ಕಡಿಮೆ ಬಗ್ಗಿಸುತ್ತದೆ. ಒಂದೇ ಲೆನ್ಸ್ ಇದ್ದರೆ ಬಣ್ಣಬಣ್ಣದ ಬೆಳಕು ಬೇರೆ ಬೇರೆ ದೂರದಲ್ಲಿ ಸೇರುತ್ತದೆ. ಎರಡು ಬಗೆಯ ಗಾಜು ಜೋಡಿಸಿ ಇದನ್ನು ತಗ್ಗಿಸುವ ಉಪಾಯ ಹಳೆಯದು. ಲಂಡನ್ನಿನ ಜಾನ್ ಡಾಲಂಡ್ 1758ರಲ್ಲಿ ಅದಕ್ಕೆ ಪೇಟೆಂಟ್ ಪಡೆದ. ಈ ಬಗೆಯ ಅಕ್ರೊಮ್ಯಾಟ್‌ನಲ್ಲಿ ಕೆಂಪು ಮತ್ತು ನೀಲಿ ಒಂದೆಡೆ ಸೇರಿದರೂ ನೇರಳೆ ಹೊರಗೇ ಉಳಿಯುತ್ತದೆ. ಕಣ್ಣಿಗೆ ನೇರಳೆ ಅಷ್ಟಾಗಿ ಕಾಣುವುದಿಲ್ಲ, ಹಾಗಾಗಿ ನೋಡುವುದಕ್ಕೆ ಅಕ್ರೊಮ್ಯಾಟ್ ಚೆನ್ನಾಗಿಯೇ ಇರುತ್ತದೆ. ಕ್ಯಾಮೆರಾ ಮಾತ್ರ ಅದನ್ನು ನಿಮಿಷಗಟ್ಟಲೆ ಕೂಡಿಸುತ್ತಾ ಹೋಗುತ್ತದೆ. ಕೊನೆಗೆ ಪ್ರತಿ ಹೊಳೆಯುವ ನಕ್ಷತ್ರದ ಸುತ್ತ ಊದಿಕೊಂಡ ನೇರಳೆ ಬಳೆ. ಕೃತ್ತಿಕೆಯಂಥ ನೀಲಿ ನಕ್ಷತ್ರಗಳಲ್ಲಿ ಇದು ಇನ್ನೂ ಕೆಟ್ಟದಾಗಿ ಕಾಣುತ್ತದೆ.

ಇಡಿ ಗಾಜು ಬರುವುದು ಇಲ್ಲಿ. ಗಾಜು ಎಷ್ಟು ಬಣ್ಣ ಚದುರಿಸುತ್ತದೆ ಎನ್ನುವುದಕ್ಕೆ ಅಬ್ಬೆ ಸಂಖ್ಯೆ ಎಂಬ ಅಳತೆ ಇದೆ. ಸಂಖ್ಯೆ ದೊಡ್ಡದಾದಷ್ಟೂ ಚದುರುವುದು ಕಡಿಮೆ. ಸಾಮಾನ್ಯ ಕ್ರೌನ್ ಗಾಜಿಗೆ ಅದು ಸುಮಾರು 64. ಜಪಾನಿನ ಒಹಾರಾ ಕಂಪನಿಯ ಎಫ್‌ಪಿಎಲ್-51ಕ್ಕೆ 81ರ ಆಸುಪಾಸು, ಎಫ್‌ಪಿಎಲ್-53ಕ್ಕೆ 95ರ ಹತ್ತಿರ. ಹೋಯಾ ಕಂಪನಿಯ ಎಫ್‌ಸಿಡಿ-100 ಕೂಡ 95ರ ಹತ್ತಿರವೇ ಇದೆ, ಹಾಗಾಗಿ ಅದನ್ನು ಕಂಡು ಅನುಮಾನ ಪಡಬೇಕಿಲ್ಲ. ಜಾಹೀರಾತಿನಲ್ಲಿ ಸುಮ್ನೆ 'ಇಡಿ ಗಾಜು' ಎಂದು ಬರೆದು ಯಾವುದು ಎಂದು ಹೇಳದಿದ್ದರೆ ನಾನು ಕೇಳುತ್ತೇನೆ. ಉತ್ತರ ಬರದಿದ್ದರೆ ಮುಂದಕ್ಕೆ ಹೋಗುತ್ತೇನೆ.

ಹಾಗಂತ ಗಾಜಿನ ಹೆಸರೇ ಎಲ್ಲವೂ ಅಲ್ಲ. ಇಡಿ ಗಾಜಿನ ಜೊತೆಗಾರ ಗಾಜು ಯಾವುದು, ಎಷ್ಟು ನಯವಾಗಿ ಉಜ್ಜಿದ್ದಾರೆ, ಎರಡೂ ಒಂದೇ ನೇರಕ್ಕೆ ಕೂತಿವೆಯೇ ಎನ್ನುವುದು ಅಷ್ಟೇ ಮುಖ್ಯ. ಚೆನ್ನಾಗಿ ಮಾಡಿದ ಎಫ್‌ಪಿಎಲ್-51 ಟ್ರಿಪ್ಲೆಟ್ (ಮೂರು ಲೆನ್ಸ್‌ಗಳದ್ದು), ಅಡ್ಡಾದಿಡ್ಡಿ ಮಾಡಿದ ಎಫ್‌ಪಿಎಲ್-53 ಡಬ್ಲೆಟ್‌ಗಿಂತ (ಎರಡು ಲೆನ್ಸ್‌ಗಳದ್ದು) ಒಳ್ಳೆಯ ಚಿತ್ರ ಕೊಡಬಹುದು. ಟ್ರಿಪ್ಲೆಟ್ ಬಣ್ಣವನ್ನು ಇನ್ನೂ ಬಿಗಿಯಾಗಿ ಹಿಡಿಯುತ್ತದೆ, ಅದರಲ್ಲಿ ಸಂಶಯವಿಲ್ಲ. ಆದರೆ ಮುಂದುಗಡೆ ತೂಕ ಜಾಸ್ತಿ. ಹೊರಗಿನ ತಂಪಿಗೆ ಹೊಂದಿಕೊಳ್ಳಲು ಸಮಯವೂ ಜಾಸ್ತಿ. ಕಾರವಾರದಲ್ಲಿ ಸಮುದ್ರದ ದೆಸೆಯಿಂದ ರಾತ್ರಿ ಅಷ್ಟು ತಣ್ಣಗಾಗುವುದಿಲ್ಲ. ಘಟ್ಟದ ಮೇಲೆ ಡಿಸೆಂಬರ್‌ನಲ್ಲಿ ಸಂಜೆಯಿಂದ ನಡುರಾತ್ರಿಗೆ ಚಳಿ ಚೆನ್ನಾಗಿಯೇ ಇಳಿಯುತ್ತದೆ. 70-80 ಮಿ.ಮೀ. ಅಳತೆಯಲ್ಲಿ, ಎಫ್/6ರಲ್ಲಿ, ಒಳ್ಳೆಯ ಗಾಜಿನ ಡಬ್ಲೆಟ್ ಸಾಕು ಎಂದು ನಾನು ತೀರ್ಮಾನಿಸಿದೆ. ಹೊಳೆಯುವ ನಕ್ಷತ್ರಗಳ ಸುತ್ತ ಸ್ವಲ್ಪ ನೀಲಿ ಉಳಿಯುತ್ತದೆ. ಅದನ್ನು ನಾನು ಒಪ್ಪಿಕೊಂಡಿದ್ದೇನೆ.

ಕೊಳ್ಳುವ ಮೊದಲು ಹುಬ್ಬಳ್ಳಿಯ ಗೆಳೆಯರೊಬ್ಬರ ಟೆಲಿಸ್ಕೋಪ್ ತರಿಸಿ ನೋಡಿದ್ದೆ. ಹಗಲು ಪರೀಕ್ಷೆಗೆ ನಮ್ಮಲ್ಲಿ ತೆಂಗಿನ ಮರಕ್ಕಿಂತ ಒಳ್ಳೆಯದು ಬೇರೆ ಇಲ್ಲ. ಬೆಳ್ಳಗಿನ ಆಕಾಶದ ಎದುರು ಗರಿಯ ಅಂಚು ನೋಡಿ. ಅಂಚಿನ ಒಂದು ಬದಿ ನೇರಳೆ, ಇನ್ನೊಂದು ಬದಿ ಹಸಿರು-ಹಳದಿ ಕಂಡರೆ ಅದು ಬಣ್ಣ ಹಿಡಿಯದ ಲೆನ್ಸ್. ಕಣ್ಣಿಂದ ನೋಡಿದರೆ ಸಾಲದು, ಕ್ಯಾಮೆರಾ ಹಾಕಿ ಫೋಟೊ ತೆಗೆದು ನೂರಕ್ಕೆ ನೂರು ದೊಡ್ಡದು ಮಾಡಿ ನೋಡಬೇಕು.

ರಾತ್ರಿ ಪರೀಕ್ಷೆಗೆ ಎತ್ತರದಲ್ಲಿರುವ ನಕ್ಷತ್ರವನ್ನೇ ಹಿಡಿಯಿರಿ. ಚಳಿಗಾಲದಲ್ಲಿ ಲುಬ್ಧಕ ನಮ್ಮಲ್ಲಿ 58 ಡಿಗ್ರಿಯವರೆಗೆ ಏರುತ್ತದೆ. ದಿಗಂತದ ಹತ್ತಿರದ ನಕ್ಷತ್ರ ಬೇಡ, ಯಾಕೆಂದರೆ ಅಲ್ಲಿ ಗಾಳಿಯೇ ಪ್ರಿಸಂ ಆಗಿ ಬಣ್ಣ ಬೇರ್ಪಡಿಸುತ್ತದೆ. ಎಂಥ ಗಾಜಿದ್ದರೂ ಅದನ್ನು ತಡೆಯಲಾಗದು. ನಕ್ಷತ್ರವನ್ನು ಫೋಕಸ್‌ನಿಂದ ಸ್ವಲ್ಪ ಒಳಕ್ಕೆ, ಆಮೇಲೆ ಸ್ವಲ್ಪ ಹೊರಕ್ಕೆ ತಳ್ಳಿ. ಎರಡೂ ಕಡೆ ಉಂಗುರಗಳು ದುಂಡಗೆ, ಒಂದೇ ಕೇಂದ್ರಕ್ಕೆ ಇರಬೇಕು. ಒಳಗೆ ಉದ್ದುದ್ದ, ಹೊರಗೆ ಅಡ್ಡಡ್ಡ ಕಂಡರೆ ಅಸ್ಟಿಗ್ಮ್ಯಾಟಿಸಂ. ಕೇಂದ್ರ ಒಂದು ಬದಿಗೆ ಸರಿದಿದ್ದರೆ ಲೆನ್ಸ್‌ಗಳು ನೇರಕ್ಕೆ ಕೂತಿಲ್ಲ. ಇವೆರಡೂ ಮನೆಯಲ್ಲಿ ಸರಿಮಾಡುವ ದೋಷಗಳಲ್ಲ, ಅಂಥ ಟ್ಯೂಬ್ ಹಿಂದಕ್ಕೆ ಕಳಿಸಬೇಕು.

ಫೋಕಸರ್ ಬಗ್ಗೆ ಯಾರೂ ಸಾಕಷ್ಟು ಹೇಳುವುದಿಲ್ಲ. ಕ್ಯಾಮೆರಾ, ಚಿತ್ರದ ಮೂಲೆಗಳನ್ನು ಚೊಕ್ಕ ಮಾಡುವ ಫ್ಲ್ಯಾಟನರ್ ಲೆನ್ಸ್ ಎಲ್ಲ ಸೇರಿ ಒಂದೂವರೆ ಕಿಲೋ ತೂಗುತ್ತದೆ. ಅದನ್ನು ಹೊತ್ತು ಟ್ಯೂಬ್ ಮೇಲ್ಮುಖವಾಗಿದ್ದಾಗ ಜಾರಬಾರದು, ಬಾಗಬಾರದು. ಹಲ್ಲುಗಾಲಿಯ ರ‍್ಯಾಕ್ ಅಂಡ್ ಪಿನಿಯನ್ ಫೋಕಸರ್ ಈ ಕೆಲಸಕ್ಕೆ ನನ್ನ ಆಯ್ಕೆ. ಉಜ್ಜಾಟದ ಮೇಲೆ ನಡೆಯುವ ಕ್ರೇಫರ್ಡ್ ನುಣುಪು, ಆದರೆ ಅಗ್ಗದವು ಭಾರಕ್ಕೆ ಜಾರುತ್ತವೆ. ಫೋಟೊದ ಒಂದು ಮೂಲೆಯಲ್ಲಿ ಮಾತ್ರ ನಕ್ಷತ್ರ ಉದ್ದವಾಗಿದ್ದರೆ ಕ್ಯಾಮೆರಾವನ್ನು ತಿರುಗಿಸಿ ಮತ್ತೊಮ್ಮೆ ತೆಗೆಯಿರಿ. ದೋಷ ಅದೇ ಮೂಲೆಯಲ್ಲಿ ಉಳಿದರೆ ಕ್ಯಾಮೆರಾ ಕಡೆಯ ಓರೆ. ಬೇರೆ ಮೂಲೆಗೆ ಹೋದರೆ ಫೋಕಸರ್ ಅಥವಾ ಲೆನ್ಸ್ ಕಡೆಯದು. ಸೂಕ್ಷ್ಮ ಫೋಕಸ್‌ಗೆ ಬಾಹ್ತಿನೋವ್ ಮಾಸ್ಕ್ ಬಳಸುತ್ತೇನೆ. ರಷ್ಯಾದ ಪಾವೆಲ್ ಬಾಹ್ತಿನೋವ್ 2005ರಲ್ಲಿ ಮಾಡಿದ ಗೀರುಗಳ ಮುಚ್ಚಳ ಅದು. ನಕ್ಷತ್ರದ ಮೇಲೆ ಮೂರು ಗೆರೆ ಬೀಳುತ್ತವೆ, ನಡುವಿನದು ಸರಿಯಾಗಿ ಮಧ್ಯಕ್ಕೆ ಬಂದರೆ ಫೋಕಸ್ ಆಯಿತು. ನನ್ನ ಇಡೀ ಸಾಮಾನಿನಲ್ಲಿ ಕೊಟ್ಟ ಕಾಸಿಗೆ ಇದರಷ್ಟು ಉಪಕಾರ ಮಾಡಿದ್ದು ಬೇರೆ ಇಲ್ಲ.

ಫ್ಲ್ಯಾಟನರ್ ಇಲ್ಲದೆ ಡಬ್ಲೆಟ್ ಕೊಳ್ಳಬೇಡಿ. ಇದರ ಫೋಕಸ್ ಬೀಳುವ ಮೇಲ್ಮೈ ಬಾಗಿರುತ್ತದೆ, ಸೆನ್ಸರ್ ಚಪ್ಪಟೆ. ಮಧ್ಯ ಚೊಕ್ಕ, ಮೂಲೆ ಕಲಸು. ಅದೇ ಟ್ಯೂಬ್‌ಗೆಂದು ಮಾಡಿದ ಫ್ಲ್ಯಾಟನರ್ ಸಿಗುತ್ತದೆಯೇ ಎಂದು ಮೊದಲೇ ನೋಡಿ. ಹೆಚ್ಚಿನವುಗಳಿಗೆ ಸೆನ್ಸರ್ 55 ಮಿ.ಮೀ. ದೂರದಲ್ಲಿರಬೇಕು. ಕ್ಯಾನನ್ ಇಎಫ್ ಕ್ಯಾಮೆರಾದಲ್ಲಿ ಸೆನ್ಸರ್ 44 ಮಿ.ಮೀ. ಒಳಗಿದೆ, ಕ್ಯಾಮೆರಾವನ್ನು ಫ್ಲ್ಯಾಟನರ್‌ಗೆ ಜೋಡಿಸುವ ಟಿ-ರಿಂಗ್ 11 ಮಿ.ಮೀ., ಒಟ್ಟು 55. ಬೇರೆ ಕ್ಯಾಮೆರಾ ಆದರೆ ತೆಳು ಬಿಲ್ಲೆಗಳನ್ನು ಹಾಕಿ ಈ ದೂರ ಹೊಂದಿಸಬೇಕು.

ಇನ್ನು ಕಡಲತೀರದ ಕಷ್ಟ. ಕಾರವಾರದಲ್ಲಿ ಬಂದರಿನ ಬೆಳಕು, ಹೆದ್ದಾರಿಯ ಬೆಳಕು ಇದ್ದೇ ಇದೆ. ಅದಕ್ಕಿಂತ ದೊಡ್ಡ ತೊಂದರೆ ಉಪ್ಪು ಮತ್ತು ತೇವ. ಆಕಾಶಕ್ಕೆ ಮುಖ ಮಾಡಿದ ಲೆನ್ಸ್ ತನ್ನ ಶಾಖವನ್ನು ಹೊರಬಿಟ್ಟು ಸುತ್ತಲಿನ ಗಾಳಿಗಿಂತ ತಣ್ಣಗಾಗುತ್ತದೆ. ಇಲ್ಲಿಯ ಗಾಳಿಯಲ್ಲಿ ತೇವ ತುಂಬಿರುವುದರಿಂದ ಸ್ವಲ್ಪ ತಣ್ಣಗಾದರೂ ಸಾಕು, ಗಾಜಿನ ಮೇಲೆ ಇಬ್ಬನಿ ಕೂರುತ್ತದೆ. ಘಟ್ಟದ ಮೇಲೂ ನಡುರಾತ್ರಿ ದಾಟಿದರೆ ಇದೇ ಕಥೆ. ಆದ್ದರಿಂದ ಉದ್ದದ ಡ್ಯೂ ಶೀಲ್ಡ್ (ಲೆನ್ಸ್‌ನ ಮುಂದೆ ಚಾಚಿಕೊಂಡ ಇಬ್ಬನಿ ತಡೆಯುವ ಕೊಳವೆ) ಇರುವ ಟ್ಯೂಬ್ ಆರಿಸಿ, ಹೀಟರ್ ಪಟ್ಟಿಯನ್ನು ಅದೇ ದಿನ ಕೊಳ್ಳಿ. ಇಬ್ಬನಿ ಕೂತ ಮೇಲೆ ಹಾಕುವುದಲ್ಲ, ಸಂಜೆ ಶುರುವಿನಿಂದಲೇ ಹಚ್ಚಬೇಕು. ಸಣ್ಣ ರಿಫ್ರಾಕ್ಟರ್‌ನ ಇನ್ನೊಂದು ಲಾಭ ಇಲ್ಲಿದೆ: ಬೆಚ್ಚಗಿಡಬೇಕಾದ ಗಾಜು ಸಣ್ಣದು, ಪವರ್ ಬ್ಯಾಂಕ್‌ನಿಂದಲೇ ನಡೆಯುತ್ತದೆ. ಲೆನ್ಸ್ ಬದಲು ಕನ್ನಡಿ ಬಳಸುವ, ತೆರೆದ ಟ್ಯೂಬಿನ ನ್ಯೂಟೋನಿಯನ್ ಟೆಲಿಸ್ಕೋಪ್‌ನ ಕನ್ನಡಿಯ ಲೇಪ ಈ ಉಪ್ಪುಗಾಳಿಗೆ ನೇರವಾಗಿ ಸಿಗುತ್ತದೆ. ಅದನ್ನು ನಾನು ಕಾರವಾರದಲ್ಲಿ ಇಡಲಾರೆ.

ತೀರದಲ್ಲಿ ಬಳಸಿದ ದಿನ ಫೋಕಸರ್, ಸ್ಕ್ರೂ, ಉಂಗುರಗಳನ್ನು ತುಸು ಒದ್ದೆ ಬಟ್ಟೆಯಿಂದ ಒರೆಸಿ, ಒಣಬಟ್ಟೆಯಿಂದ ಮತ್ತೆ ಒರೆಸುತ್ತೇನೆ. ಲೆನ್ಸ್ ಮುಟ್ಟುವುದಿಲ್ಲ, ಗಾಳಿ ಊದುವ ಬಲ್ಬ್ ಮಾತ್ರ. ಮಳೆಗಾಲದಲ್ಲಿ ಗಾಳಿಯಾಡದ ಡಬ್ಬಿ, ಒಳಗೆ ಸಿಲಿಕಾ ಜೆಲ್, ತೇವ ತೋರಿಸುವ ಸಣ್ಣ ಮೀಟರ್. ಮುಳ್ಳು ಶೇಕಡಾ 50ರ ಕೆಳಗೆ ಇರಲಿ ಎಂದು ನೋಡಿಕೊಳ್ಳುತ್ತೇನೆ. ಜೆಲ್ ಬಣ್ಣ ಬದಲಾದರೆ ಬಿಸಿ ಮಾಡಿ ಒಣಗಿಸಿ ಮತ್ತೆ ಹಾಕುವುದು. ಎರಡು ಲೆನ್ಸ್‌ಗಳ ನಡುವಿನ ಸಂದಿಯಲ್ಲಿ ಬೂಷ್ಟು ಹಿಡಿದರೆ ಮನೆಯಲ್ಲಿ ತೆಗೆಯಲಾಗುವುದಿಲ್ಲ. ಬಿಚ್ಚಿದರೆ ಲೆನ್ಸ್‌ಗಳ ನೇರ ತಪ್ಪುತ್ತದೆ. ಅದಕ್ಕೇ ಕರಾವಳಿಯಲ್ಲಿ ಯಾರಾದರೂ ಬಳಸಿದ ಟೆಲಿಸ್ಕೋಪ್ ಮಾರುತ್ತಿದ್ದರೆ, ಕತ್ತಲೆ ಕೋಣೆಯಲ್ಲಿ ಮುಂದಿನಿಂದ ಓರೆಯಾಗಿ ಟಾರ್ಚ್ ಹಾಕಿ ನೋಡಿ. ಒಂದೆರಡು ಧೂಳಿನ ಕಣ ಇದ್ದರೆ ಪರವಾಗಿಲ್ಲ. ಬೇರಿನಂತೆ ಕವಲೊಡೆದ ಸಣ್ಣ ಎಳೆಗಳು ಕಂಡರೆ ಬೆಲೆ ಎಷ್ಟೇ ಇಳಿಸಿದರೂ ಬೇಡ ಎನ್ನಿ.